ಪುಟ್ಟಿಗೆ, ಆ ಒಂದು ಸಾಲಿನ ಬಗ್ಗೆ

ಪ್ರೀತಿಯ ಪುಟ್ಟಿ,

ಮನೆ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಪತ್ರದ ಒಂದೇ ಸಾಲು. ಜಾಹೀರಾತಿಗೆ ಟ್ಯೂನ್ ಹಾಕಿ ಹಾಕಿ ನಿನ್ನ ಸ್ವಂತದ್ದು ಬತ್ತಿಹೋಗುತ್ತಿದೆ ಅಂದಿದ್ದೀಯಲ್ಲ, ಅದು.

ನಿನ್ನ ರೂಮಿನ ಗೋಡೆಯ ಮೇಲಿದ್ದಾರಲ್ಲ ರಷ್ಯಾದ ಸಂಗೀತ ಸಂಯೋಜಕಿ ಸೋಫಿಯಾ ಗುಬೈದುಲಿನಾ, ಅವರ ಹೊಟ್ಟೆಪಾಡು ನಡೆದದ್ದೂ ಸಿನಿಮಾ ಸಂಗೀತದಿಂದಲೇ. 1967ರಿಂದ 1971ರವರೆಗೆ ಮಾಸ್ಕೋದಲ್ಲಿ ತಯಾರಾದ ಮೌಗ್ಲಿ ಕಾರ್ಟೂನಿಗೆ ಸಂಗೀತ ಅವರದು. ನಮ್ಮ ದೇಶದ ಕಾಡು, ತೋಳ, ಹುಲಿ! 1959ರಲ್ಲೇ ಅಲ್ಲಿನ ದೊಡ್ಡ ಸಂಯೋಜಕ ಶೋಸ್ತಕೋವಿಚ್ ಇವರಿಗೆ, ನಿನ್ನ 'ತಪ್ಪು' ದಾರಿಯಲ್ಲೇ ಮುಂದುವರಿ ಅಂದಿದ್ದರಂತೆ. ಆ ದಾರಿಗೆ ದುಡ್ಡು ಯಾರು ಕೊಡುತ್ತಾರೆ? ಕಾರ್ಟೂನು ಕೊಟ್ಟಿತು.

ಬತ್ತಲಿಲ್ಲ ಕಣೇ. 1979ರಲ್ಲಿ ಸೋವಿಯತ್ ಸಂಗೀತ ಸಂಯೋಜಕರ ಸಂಘದ ಸಮಾವೇಶದಲ್ಲಿ ಅದರ ಮುಖ್ಯಸ್ಥ ಖ್ರೆನ್ನಿಕೋವ್ ಏಳು ಸಂಯೋಜಕರನ್ನು ಹೆಸರು ಹಿಡಿದು ಬೈದರು. ಅದರಲ್ಲಿ ಇವರೂ ಒಬ್ಬರು. ಮರುವರ್ಷವೇ ಪಿಟೀಲು ಮತ್ತು ವಾದ್ಯವೃಂದಕ್ಕಾಗಿ 'ಆಫರ್ಟೋರಿಯಂ' ಬರೆದರು. 1981ರಲ್ಲಿ ವಿಯೆನ್ನಾದಲ್ಲಿ ಗಿಡನ್ ಕ್ರೆಮರ್ ಅದರ ಪಿಟೀಲು ನುಡಿಸಿದರು. ಅದರಲ್ಲಿ, ಜರ್ಮನಿಯ ಹಳೆಯ ಸಂಯೋಜಕ ಬಾಖ್ ಬಳಸಿದ್ದ ಒಂದು ಟ್ಯೂನಿನ ಎರಡೂ ತುದಿಯಿಂದ ಒಂದೊಂದೇ ಸ್ವರ ಕಳಚುತ್ತಾ, ಕೊನೆಗೆ ಒಂದೇ ಉಳಿಯುತ್ತದೆ. ಆಮೇಲೆ ಅದರಿಂದಲೇ ಮತ್ತೆ ಕಟ್ಟುತ್ತಾರೆ. ನೀನೇ ತಾನೇ ನನಗೆ ಕೇಳಿಸಿದ್ದು? ನನಗೆ ಅರ್ಧ ಅರ್ಥವಾಯಿತು, ಅಷ್ಟೇ.

ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದ ದಿನ ನಾನು ಮನೆಗೆ ಬರುವಾಗ ರಾತ್ರಿಯಾಗಿರುತ್ತಿತ್ತು. ವೀಣೆಗೆ ಹೊಸದಾಗಿ ಮೇಳ ಕಟ್ಟಿಸಬೇಕಿತ್ತು, ಅಂದರೆ ಹೊಸ ಮೇಣದಲ್ಲಿ ಮೆಟ್ಟುಗಳನ್ನು ಕೂರಿಸಬೇಕಿತ್ತು. ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ತಳ್ಳಿದೆ. ಮೇಣ ಒಡೆದು ಮೆಟ್ಟುಗಳು ಅಲುಗಾಡತೊಡಗಿದವು. ನನ್ನೊಳಗೂ ಏನೂ ಉಳಿದಿಲ್ಲ ಅಂದುಕೊಂಡಿದ್ದೆ. ಈಗ ಅನಿಸುತ್ತದೆ, ಸುಮ್ನೆ ಸುಸ್ತಾಗಿತ್ತು. ಅದನ್ನು ಹೇಳುವವರು ಯಾರೂ ಇರಲಿಲ್ಲ. ನಿಂದೂ ಸುಸ್ತೇ ಇರಬಹುದು, ಅಲ್ವಾ? ಬತ್ತುವುದು ಬೇರೆ.

ಬುದ್ಧಿ ಹೇಳಲು ನಾನ್ಯಾರು? ಆದರೂ, ಅಡ್ವಾನ್ಸ್ ತಗೊಳ್ಳದೆ ಕೆಲಸ ಶುರು ಮಾಡಬೇಡ. ವಾರಕ್ಕೆ ಒಂದು ಬೆಳಗ್ಗೆಯಾದರೂ ಫೋನ್ ಎತ್ತಬೇಡ, ನನ್ನದೂ. ಜಾಹೀರಾತಿನವರು ಬೇಡ ಅಂದ ಸದ್ದುಗಳನ್ನು ಅಳಿಸಬೇಡ, ಎತ್ತಿಡು.

ಅರ್ಧಕ್ಕೆ ನಿಂತಿದೆ ಅಂದೆಯಲ್ಲ, ಆ ತುಣುಕು ಹಾಗೇ ಕಳಿಸು. ಬತ್ತಿದೆಯೋ ಇಲ್ಲವೋ ನಾನೂ ಕೇಳುತ್ತೇನೆ.

ನಿನ್ನ
ಚಿಕ್ಕಮ್ಮ