ಸ್ಟೆಂಟಿಗೆ ಒಂದು ವರ್ಷ, ಸೊಂಟ ಅಳೆದವರಿಗೂ ನಮಸ್ಕಾರ

ಎಡ ಕಿಡ್ನಿಗೆ ರಕ್ತ ಒಯ್ಯುವ ನಾಳದಲ್ಲಿ ಸ್ಟೆಂಟ್ ಇಟ್ಟು ಮೊನ್ನೆಗೆ ಒಂದು ವರ್ಷ ಆಯಿತು. ಮೊದಲ ನಮಸ್ಕಾರ ಪಕ್ಕದ ಮನೆಯ ಭಾವನಿಗೆ. ಎದೆಯಲ್ಲಿ ನೀರು ತುಂಬಿ ನಾನು ಉಸಿರಿಗೆ ಒದ್ದಾಡುತ್ತಿದ್ದಾಗ, ಬದಿಯಡ್ಕದಿಂದ ಮಂಗಳೂರಿಗೆ ನಡುರಾತ್ರಿ ಕಾರು ಓಡಿಸಿದವನು ಅವನು. ತಲಪಾಡಿ ದಾಟಿದ ಮೇಲೆ ಒಂದೇ ಮಾತು ಆಡಿದ: "ಹೆದರಬೇಡ, ಡೀಸೆಲ್ ಉಂಟು."

ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ 180ರಿಂದ ಇಳಿಯುತ್ತಿರಲಿಲ್ಲ. ವಯಸ್ಸಾಯ್ತಲ್ಲ, ಅಂದವರೇ ಜಾಸ್ತಿ. ಹೊಸ ಬಿಪಿ ಮಾತ್ರೆ ಶುರುಮಾಡಿದ ಕೂಡಲೇ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, 1.3ರಿಂದ 2.2ಕ್ಕೆ ಏರಿದ್ದನ್ನು ನೋಡಿ ಅನುಮಾನಪಟ್ಟವರು ಮಂಗಳೂರಿನ ಕಿಡ್ನಿ ಡಾಕ್ಟರು. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದರೆ ಎರಡೂ ಕಿಡ್ನಿಯ ನಾಳ ಸಪೂರ, ಎಡದ್ದು ತುಂಬಾ ಸಪೂರ. ತನಗೆ ರಕ್ತ ಸಾಲದಾಗ ಕಿಡ್ನಿ ಇಡೀ ಮೈಯ ಬಿಪಿಯನ್ನೇ ಏರಿಸುತ್ತದಂತೆ.

ಡಾಕ್ಟರೇ, ನೀವು ಆಸೆ ಹುಟ್ಟಿಸಲಿಲ್ಲ. ಅದಕ್ಕೇ ನಿಮಗೆ ಜಾಸ್ತಿ ಋಣಿ. 2014ರಲ್ಲಿ ಬಂದ ಕೋರಲ್ ಅಧ್ಯಯನದಲ್ಲಿ, ಒಳ್ಳೆಯ ಮಾತ್ರೆಯ ಜೊತೆ ಸ್ಟೆಂಟ್ ಹಾಕಿದರೂ ಹೆಚ್ಚಿನ ಲಾಭ ಕಾಣಲಿಲ್ಲ ಎಂದು ಮೊದಲೇ ಹೇಳಿದಿರಿ. ದಿಢೀರನೆ ಎದೆಯಲ್ಲಿ ನೀರು ತುಂಬುವ ನನ್ನಂಥವರ ಲೆಕ್ಕ ಬೇರೆ, ಹಾಗಾಗಿ ಹಾಕುವ ಎಂದಿರಿ.

ಆಮೇಲೆ ನರ್ಸಕ್ಕ ಟೇಪು ತಂದರು. ಕಿಡ್ನಿಗೂ ಸೊಂಟಕ್ಕೂ ಏನು ಸಂಬಂಧ ಅಂತ ನನಗೆ ನಗು. ಸೊಂಟ 104 ಸೆಂಟಿಮೀಟರ್, ನಮ್ಮ ಕಡೆಯ ಗಂಡಸರಿಗೆ 90 ಮೀರಬಾರದು. ರಕ್ತದ ಕೊಬ್ಬು ಟ್ರೈಗ್ಲಿಸರೈಡ್ 240, ಒಳ್ಳೆ ಕೊಲೆಸ್ಟ್ರಾಲ್ 34, ಖಾಲಿ ಹೊಟ್ಟೆಯ ಶುಗರ್ 128, ಜೊತೆಗೆ ಬಿಪಿ. ಈ ಐದರಲ್ಲಿ ಮೂರು ಹದ ತಪ್ಪಿದ್ದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅಂತ ಹೆಸರು. ನನಗೆ ಐದಕ್ಕೆ ಐದು! ಶಾಲೆಯಲ್ಲೂ ಬಾರದ ಮಾರ್ಕು. ಇಂಥವರಿಗೆ ಸ್ಟೆಂಟಿನ ಮೇಲೂ ಕಿಡ್ನಿ ಚೇತರಿಸುವುದು ಕಮ್ಮಿ, ಡಯಾಲಿಸಿಸ್‌ವರೆಗೆ ಹೋಗುವ ಭಯ ಜಾಸ್ತಿ ಎಂದರು. ಅಡಿಕೆ ತೋಟದವನಿಗೆ ಅದು ಬೇಗ ಅರ್ಥವಾಯಿತು. ಮೈನ್ ಪೈಪು ಬಿಡಿಸಿದರೇನು, ಸ್ಪ್ರಿಂಕ್ಲರಿನ ತೂತುಗಳೇ ಕಟ್ಟಿದ್ದರೆ ಬುಡಕ್ಕೆ ನೀರು ಬೀಳುತ್ತದಾ? ಶುಗರ್, ಕೊಬ್ಬು ಕೆಡಿಸುವುದು ಕಿಡ್ನಿಯ ಒಳಗಿನ ಆ ಸಣ್ಣ ನಾಳಗಳನ್ನು.

ಅವನ್ನು ಕಾಪಾಡುವ ಕೆಲಸ ಮನೆಯಲ್ಲಿ ನಡೆಯಿತು. ಉಪ್ಪುಸೊಳೆ, ಮಿಡಿ ಉಪ್ಪಿನಕಾಯಿಯ ಭರಣಿಗಳನ್ನು ಹೆಂಡತಿ ತವರಿಗೆ ಸಾಗಿಸಿದಳು. ಗಂಜಿಯ ಜೊತೆ ಹಪ್ಪಳವೂ ಇಲ್ಲ. ನಾನು ಮುನಿಸಿಕೊಂಡ ದಿನಗಳಿಗೆ ಇಲ್ಲಿಯೇ ಕ್ಷಮೆ ಕೇಳುತ್ತೇನೆ. ಬಿಪಿ ನೋಡಲು ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಮಲಯಾಳ, ನನಗೆ ಕನ್ನಡ, ಬೈಯುವುದು ಮಾತ್ರ ತುಳುವಿನಲ್ಲಿ. ಅವರು ಬರುತ್ತಾರೆಂದೇ ಎಷ್ಟೋ ಸಂಜೆ ಎದ್ದು ನಡೆಯಲು ಹೋಗಿದ್ದೇನೆ.

ಈಗ ಸೊಂಟ 94, ಕ್ರಿಯಾಟಿನಿನ್ 1.6. ಬಿಪಿಗೆ ಎರಡೇ ಮಾತ್ರೆ. ಸ್ಟೆಂಟ್ ಒಳಗೆ ಮತ್ತೆ ಕಟ್ಟಿಕೊಳ್ಳುವುದೂ ಉಂಟಂತೆ, ಬರುವ ತಿಂಗಳು ಡಾಪ್ಲರ್ ಇದೆ. ಭಾವ, ಆ ದಿನ ಬಿಡುವು ಮಾಡಿಕೋ. ಈ ಸಲ ಹಗಲಲ್ಲೇ ಹೋಗುವ, ಡೀಸೆಲ್ ನನ್ನದು.