ಶಾಸಕರೇ, ಆ ಮಾತು ವಾಪಸ್ ತೆಗೆದುಕೊಳ್ಳಿ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದವನು, ನಾಲ್ಕು ಎಕರೆ ಕಾಫಿ ತೋಟ ಇದೆ. ಬೆಳೆಗಾರರ ಸಭೆಯಲ್ಲಿ ಪರಿಹಾರದ ವಿಷಯ ಬಂದಾಗ ನೀವು ಮೈಕ್ ಹಿಡಿದು, "ಹವಾಮಾನ ಹಿಂದಿನಿಂದಲೂ ಬದಲಾಗುತ್ತಲೇ ಇದೆ, ಅದು ಪ್ರಕೃತಿಯ ಆಟ, ಅದಕ್ಕೆ ಮನುಷ್ಯ ಹೇಗೆ ಕಾರಣ" ಅಂದಿರಿ. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ನನಗೆ ತಡೆಯಲಾಗಲಿಲ್ಲ, ಅದಕ್ಕೇ ಈ ಪತ್ರ.

ನಮ್ಮಪ್ಪ 1974ರಿಂದ ಮಳೆ ಪುಸ್ತಕ ಬರೆದವರು, ಇಂಚು ಸೆಂಟಿನ ಲೆಕ್ಕದಲ್ಲಿ. ಈಗ ನಾನು ಬರೆಯುತ್ತೇನೆ. ಕಾಫಿ ಹೂ ಅರಳಿಸುವ ಹೂಮಳೆ ಬರಬೇಕಾದ ಮಾರ್ಚ್‌ನಲ್ಲಿ ಸೊನ್ನೆ, ಹಣ್ಣು ಕೊಯ್ದು ಕಣದಲ್ಲಿ ಹರಡಿದ ಜನವರಿಯಲ್ಲಿ ಮಳೆ. 2021ರ ಜನವರಿಯಲ್ಲಿ ರಾತ್ರಿ ಎರಡು ಗಂಟೆಗೆ ನಾನು, ನನ್ನ ಹೆಂಡತಿ, ಎಂಬತ್ತು ದಾಟಿದ ಅಮ್ಮ ಸೇರಿ ಟಾರ್ಪಾಲು ಎಳೆಯುತ್ತಿದ್ದೆವು. ಅಮ್ಮ ಜಾರಿ ಬಿದ್ದರು. ಸೊಂಟ ಮುರಿಯಿತು. ಕಣದ ಕಾಫಿ ಮುಗ್ಗಿತು. ಗಿಡದಲ್ಲಿ ಹಣ್ಣಿರುವಾಗಲೇ ಹೂ ಅರಳಿತು, ಕೊಯ್ಯುವವರ ಕೈ ತಾಗಿ ಅದೂ ಉದುರಿತು. ಪರಿಹಾರಕ್ಕೆ ಅರ್ಜಿ ಕೊಟ್ಟೆ. ಮುಂದಿನ ವಾರ ಬನ್ನಿ ಅನ್ನುವುದು ಬಿಟ್ಟರೆ ಇವತ್ತಿಗೂ ಉತ್ತರವಿಲ್ಲ.

ಒಂದು ತೋಟದ ಲೆಕ್ಕ ಸಾಕ್ಷಿಯಾಗಲ್ಲ, ಒಪ್ಪುತ್ತೇನೆ. ಆದರೆ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿಯ ಲೆಕ್ಕ ಬರೆಯುತ್ತಿದ್ದಾರೆ. ಆಗ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಪಾಲು ಇಂಗಾಲದ ಡೈಆಕ್ಸೈಡ್, ಅಂದರೆ ಭೂಮಿಯ ಕಾವನ್ನು ಹೊರಹೋಗದಂತೆ ಹಿಡಿದಿಡುವ ಅನಿಲ ಇತ್ತು. ಈಗ 420 ದಾಟಿದೆ. ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡ ಹಳೇ ಗಾಳಿಯನ್ನು ಅಳೆದರೆ, ಕೈಗಾರಿಕೆ ಶುರುವಾಗುವ ತನಕ 8 ಲಕ್ಷ ವರ್ಷ ಅದು ಹೆಚ್ಚೂಕಮ್ಮಿ 300 ದಾಟಿರಲೇ ಇಲ್ಲ. ನೀವು ಹೇಳಿದ "ಹಿಂದಿನಿಂದಲೂ" ಅಂದರೆ ಯಾವ ಕಾಲದಿಂದ, ಸ್ವಾಮಿ?

ಅದು ನಮ್ಮದೇ ಹೊಗೆ ಅನ್ನುವುದಕ್ಕೂ ಗುರುತಿದೆ. ಕೋಟ್ಯಂತರ ವರ್ಷ ನೆಲದೊಳಗಿದ್ದ ಕಲ್ಲಿದ್ದಲು, ಪೆಟ್ರೋಲಿನಲ್ಲಿ ಕಾರ್ಬನ್-13 ಅನ್ನುವ, ತುಸು ಭಾರದ ಇಂಗಾಲದ ಪಾಲು ಕಡಿಮೆ. ಅದನ್ನು ಸುಟ್ಟಷ್ಟೂ ಗಾಳಿಯಲ್ಲೂ ಆ ಪಾಲು ಇಳಿಯುತ್ತಿದೆ. ಇನ್ನು ಸೂರ್ಯನ ಕಾವು ಜಾಸ್ತಿಯಾಗಿದ್ದರೆ ತೀರಾ ಮೇಲಿನ ವಾತಾವರಣವೂ ಬಿಸಿಯಾಗಬೇಕಿತ್ತು, ಅಲ್ವಾ? ಅದು ತಣ್ಣಗಾಗುತ್ತಿದೆ. ಕೆಳಗೆ ನಾವು ಉಸಿರಾಡುವ ಗಾಳಿ ಬಿಸಿಯಾಗುತ್ತಿದೆ. ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ, ಬಿದ್ದರೆ ಒಮ್ಮೆಲೇ ಸುರಿಯುತ್ತದೆ. ಭೂಮಿ ಬಿಸಿಯಾಗಿದ್ದು ಮನುಷ್ಯನಿಂದಲೇ, ಅದರಲ್ಲಿ ಸಂಶಯವಿಲ್ಲ ಎಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿ 2021ರಲ್ಲೇ ಹೇಳಿತು. ನಿಮಗಿದು ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ.

ಗೊತ್ತಿದ್ದೂ ಪ್ರಕೃತಿಯ ಆಟ ಅಂದುಬಿಟ್ಟರೆ ಯಾರೂ ಹೊಣೆಯಲ್ಲ. ನಮ್ಮ ಅರ್ಜಿ ಕಡತದಲ್ಲೇ ಕೊಳೆಯುತ್ತದೆ. ಗುಡ್ಡ ಕೊರೆಯುವವರಿಗೂ ಆ ಮಾತೇ ರಕ್ಷಣೆ. ಆ ಮಾತು ವಾಪಸ್ ತೆಗೆದುಕೊಳ್ಳಿ. ಸುಮ್ನೆ ಒಂದು ಪತ್ರಿಕಾ ಹೇಳಿಕೆ ಬೇಡ. ಅದೇ ವೇದಿಕೆ, ಅದೇ ಮೈಕ್, ಅದೇ ಜನರ ಮುಂದೆ ವಾಪಸ್ ತೆಗೆದುಕೊಳ್ಳಿ. ಆಮೇಲೆ ವಿಧಾನಸಭೆಯಲ್ಲಿ ನಮ್ಮ ಪರಿಹಾರದ ವಿಷಯ ಎತ್ತಿ.

ಸಭೆ ಯಾವತ್ತು ಅಂತ ತಿಳಿಸಿ. ಅಪ್ಪನ ಮಳೆ ಪುಸ್ತಕ ಹಿಡಿದುಕೊಂಡು ಬರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಬೆಳೆಗಾರ