ಸೈಲೆನ್ಸರ್ ಸದ್ದಿಗೆ ಕಡಿವಾಣ ಹಾಕಿ

ಮಾನ್ಯ ಸಂಪಾದಕರೇ,

ಕಲಬುರಗಿಯ ಸೇಡಂ ರಸ್ತೆಯಲ್ಲಿ ರಾತ್ರಿ ಹತ್ತು ದಾಟಿದ ಮೇಲೆ, ಸೈಲೆನ್ಸರ್ ಬದಲಿಸಿದ ಬೈಕುಗಳು ಪಟಾಕಿ ಸಿಡಿದಂತೆ ಸದ್ದು ಮಾಡುತ್ತ ಓಡಾಡುವುದು ನಿತ್ಯದ ಮಾತಾಗಿದೆ. ಕಳೆದ ವಾರ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾದ ತಾಯಿಯ ಪಕ್ಕದಲ್ಲಿ ನಾನು ಕುಳಿತಿದ್ದಾಗ, ಅಂಥದೊಂದು ಬೈಕಿನ ಆರ್ಭಟಕ್ಕೆ ಕಿಟಕಿಯ ಗಾಜು ಅದುರಿ, ಆಗಷ್ಟೇ ಜೊಂಪು ಹತ್ತಿದ್ದ ಅವರು ಬೆಚ್ಚಿ ಎದ್ದು ಕುಳಿತರು. ಹಸಿ ಹೊಲಿಗೆಯ ನೋವಿಗೆ ಬೆಳಗಿನವರೆಗೂ ಮತ್ತೆ ನಿದ್ದೆ ಬರಲಿಲ್ಲ.

ಕಾನೂನಿಗೇನೂ ಕೊರತೆಯಿಲ್ಲ. ಆಸ್ಪತ್ರೆಗಳ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಅವಕಾಶವಿದೆ. ಶಬ್ದದ ಮಿತಿ ಮೀರಿದ ವಾಹನ ಓಡಿಸಿದವರಿಗೆ ಮೊದಲ ಅಪರಾಧಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಹೇಳುತ್ತದೆ. ಆದರೆ ತಪಾಸಣೆ ನಡೆಯುವುದು ಹಗಲಿನಲ್ಲಿ, ಅದೂ ಹೆಚ್ಚಾಗಿ ಹೆಲ್ಮೆಟ್ಟಿಗೆ. ದಂಡ ಕಟ್ಟಿದ ಹುಡುಗ ಅದೇ ಸಂಜೆ ಹತ್ತೇ ನಿಮಿಷದಲ್ಲಿ ಇನ್ನೊಂದು ಸೈಲೆನ್ಸರ್ ಕೂರಿಸಿಕೊಂಡು ಬರುವಾಗ, ಅದನ್ನು ಕೂರಿಸಿಕೊಟ್ಟ ಗ್ಯಾರೇಜಿನವರನ್ನು ಕೇಳುವವರೇ ಇಲ್ಲ.

ಆದ್ದರಿಂದ ಸಂಚಾರ ಪೊಲೀಸರು ರಾತ್ರಿ ಹತ್ತರ ನಂತರ ಆಸ್ಪತ್ರೆಗಳಿರುವ ರಸ್ತೆಗಳಲ್ಲಿ ಶಬ್ದಮಾಪಕದೊಂದಿಗೆ ತಪಾಸಣೆ ನಡೆಸಿ, ಇಂಥ ಸೈಲೆನ್ಸರ್‌ಗಳನ್ನು ಸ್ಥಳದಲ್ಲೇ ಬಿಚ್ಚಿಸಬೇಕೆಂದು ಕೋರುತ್ತೇನೆ.

– ಓದುಗ, ಕಲಬುರಗಿ